ಜೇಬಿಗೊಂದು ಚಾಕು, ಊರಿಗೆಲ್ಲ ಅನುಮಾನ

ಬೆಂಗಳೂರಿನ ರಾಜಗೋಪಾಲನಗರದಲ್ಲಿ ನೀವು ಏನು ಬೇಕಾದರೂ ಕೇಳಿ ಕೊಳ್ಳಬಹುದು. ಅಲೆನ್ ಬೋಲ್ಟು, ಸೆಕೆಂಡ್ ಹ್ಯಾಂಡ್ ಲೇತು, ಟನ್‌ಗಟ್ಟಲೆ ಎಂ.ಎಸ್. ಪ್ಲೇಟು, ಬಾಡಿಗೆಗೆ ಕಂಪ್ರೆಸರ್ರು. ಯಾರೂ ತಲೆ ಎತ್ತಿ ನೋಡುವುದಿಲ್ಲ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು "ಒಂದು ಮಡಚೋ ಚಾಕು ಕೊಡಿ" ಅಂತ ಕೇಳಿ ನೋಡಿ. ಮೊಳೆ ತೂಗುತ್ತಿದ್ದ ಹುಡುಗ ಕೈ ನಿಲ್ಲಿಸುತ್ತಾನೆ. ಪಕ್ಕದಲ್ಲಿ ಪಿವಿಸಿ ಎಲ್ಬೋ ಆರಿಸುತ್ತಿದ್ದ ಪ್ಲಂಬರ್ ನಿಮ್ಮನ್ನು ಚಪ್ಪಲಿಯಿಂದ ಹಿಡಿದು ತಲೆಗೂದಲಿನವರೆಗೆ ಅಳೆಯುತ್ತಾನೆ. ಓನರ್ರು ಕನ್ನಡಕ ಸರಿಮಾಡಿಕೊಂಡು, "ಯಾವ ಕೆಲಸಕ್ಕೆ ಸಾರ್?" ಅನ್ನುತ್ತಾರೆ.

ತರಕಾರಿಗೆ ಅಂದರೆ ಬಚಾವ್. ಪ್ಯಾಕಿಂಗ್ ಕೆಲಸಕ್ಕೆ ಅಂದರೂ ಬಚಾವ್. "ಏನಿಲ್ಲ, ಸುಮ್ನೆ ಜೇಬಲ್ಲಿ ಇಟ್ಕೊಳ್ಳೋಕೆ" ಅಂದಿರೋ, ಮುಗಿಯಿತು. ಸುಮ್ಮನೆ ಜೇಬಲ್ಲಿ ಚಾಕು ಇಟ್ಟುಕೊಳ್ಳುವವರು ನಮ್ಮ ಊರಿನ ಲೆಕ್ಕದಲ್ಲಿ ಎರಡೇ ಜಾತಿ: ಸಿನಿಮಾದಲ್ಲಿ ಬರುವವರು, ಪೇಪರಿನಲ್ಲಿ ಬರುವವರು. 1995ರಲ್ಲಿ ಉಪೇಂದ್ರ 'ಓಂ' ತೆಗೆದು ಶಿವಣ್ಣನ ಕೈಗೆ ಲಾಂಗು ಕೊಟ್ಟ ಮೇಲೆ, 2005ರಲ್ಲಿ 'ಜೋಗಿ' ಬಂದು ಅದಕ್ಕೆ ಇನ್ನಷ್ಟು ಮೆರುಗು ಹಚ್ಚಿದ ಮೇಲೆ, ಕನ್ನಡಿಗನ ಕಣ್ಣಿನಲ್ಲಿ ಅಲಗಿಗೂ ಅಡುಗೆಮನೆಗೂ ಇದ್ದ ನಂಟೇ ಹರಿದುಹೋಗಿದೆ. ಹುಟ್ಟುಹಬ್ಬದ ಕೇಕು ಕೊಯ್ಯಲು ಲಾಂಗು ಎತ್ತಿ, ಅದನ್ನು ವಿಡಿಯೊ ಮಾಡಿ ಹಾಕಿ, ಕ್ರೀಮು ಒಣಗುವ ಮೊದಲೇ ಠಾಣೆ ಮೆಟ್ಟಿಲು ಹತ್ತಿದ ಹುಡುಗರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಅರ್ಧ ಕೆಜಿ ಕೇಕಿಗೆ ಎರಡು ಅಡಿ ಲಾಂಗು! ಅಳತೆಯೇ ಗೊತ್ತಿಲ್ಲದ ಇಂಥವರಿಂದಾಗಿ, ಎರಡೂವರೆ ಇಂಚಿನ ಚಾಕು ಕೇಳುವ ನನ್ನಂಥ ಬಡಪಾಯಿಯೂ ಅನುಮಾನದ ಕಟಕಟೆಯಲ್ಲಿ ನಿಲ್ಲಬೇಕು.

ನನಗೆ ಚಾಕು ಏತಕ್ಕೆ ಅಂತೀರಾ? ದಿನಕ್ಕೊಂದು ಕೊರಿಯರ್ ಬರುತ್ತದೆ. ಒಳಗಿರುವುದು ಬೆರಳಷ್ಟು ಸಾಮಾನು, ಮೇಲೆ ಸುತ್ತಿರುವುದು ಮಾರುದ್ದದ ಟೇಪು. ಅಕ್ಕಿ ಮೂಟೆಯ ಹೊಲಿಗೆ, ಹೊಸ ಶರ್ಟಿನ ಬೆಲೆಚೀಟಿಯ ಪ್ಲಾಸ್ಟಿಕ್ ಎಳೆ, ನಂದಿನಿ ಪ್ಯಾಕೆಟ್ಟಿನ ಮೂಲೆ, ವೈರಿನ ಇನ್ಸುಲೇಶನ್, ಹೂವಿನ ದಾರ, ಸೀಬೆಹಣ್ಣು. ಇಷ್ಟಕ್ಕೂ ಸದ್ಯ ಬಳಕೆಯಲ್ಲಿರುವುದು ಹಲ್ಲು. ಅದೂ ಸಾಲದಿದ್ದರೆ ಗಾಡಿಯ ಕೀ. ಟೇಪಿಗೆ ಕೀ ಹಾಕಿ ಗರಗರ ಎಳೆದು, ಅಂಟನ್ನೆಲ್ಲ ಕೀಗೆ ಮೆತ್ತಿಸಿಕೊಂಡು, ಆಮೇಲೆ ಇಗ್ನಿಶನ್ನಿಗೆ ತುರುಕಿ "ಯಾಕೋ ಬಿಗಿ ಹಿಡೀತಿದೆ" ಅನ್ನುವವರ ದೊಡ್ಡ ಸಂಘವೇ ನಮ್ಮಲ್ಲಿದೆ.

ತಮಾಷೆ ಏನೆಂದರೆ, ಚಾಕು ಸಿಗದ ಈ ಊರು ಉಕ್ಕಿನ ಊರು. ಒಂದು ಕಡೆ ಲಗ್ಗೆರೆ, ಇನ್ನೊಂದು ಕಡೆ ಹೆಗ್ಗನಹಳ್ಳಿ, ನೆತ್ತಿಯ ಮೇಲೆ ಪೀಣ್ಯ ಎರಡನೇ ಹಂತ. ಯಾವ ಅಡ್ಡರಸ್ತೆಗೆ ನುಗ್ಗಿದರೂ ಬೋರ್ಡುಗಳು ಸಾಲುಗಟ್ಟಿ ನಿಂತಿವೆ: ಸಿಎನ್‌ಸಿ, ವಿಎಂಸಿ, ವೈರ್ ಕಟ್, ಸರ್ಫೇಸ್ ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಪೌಡರ್ ಕೋಟಿಂಗ್. ಕೆಳಗಡೆ ಮಿಷಿನ್ನು, ಮೇಲುಗಡೆ ಸಂಸಾರ. ಮೈಕ್ರಾನ್ ಲೆಕ್ಕದಲ್ಲಿ ಉಕ್ಕು ಕೆತ್ತುವ ಕೈಗಳು ಇಲ್ಲಿ ಮನೆಗೊಂದು ಸಿಗುತ್ತವೆ. ವಿಮಾನದ ಭಾಗ ಮಾಡಿಕೊಡುತ್ತಾರೆ, ಪಂಪಿನ ಶಾಫ್ಟು ಮಾಡಿಕೊಡುತ್ತಾರೆ, ಜೇಬಿಗೊಂದು ಚಾಕು ಮಾಡಿ ಅಂದರೆ ಮಾತ್ರ "ಡ್ರಾಯಿಂಗ್ ಇದೆಯಾ? ಎಷ್ಟು ಕ್ವಾಂಟಿಟಿ?" ಅಂತ ಕೇಳುತ್ತಾರೆ.

ಹಾಗಂತ ಸಲಹೆಗೇನೂ ಬರವಿಲ್ಲ. ನಮ್ಮ ರಸ್ತೆಯ ಬೇಕರಿ ಮುಂದೆ ಸಂಜೆ ಶಿಫ್ಟು ಬಿಟ್ಟ ಮೇಲೆ ಒಂದು ಪರಿಣತರ ಸಮಿತಿ ಸೇರುತ್ತದೆ. ಮೂವತ್ತು ವರ್ಷ ಲೇತಿನ ಮುಂದೆ ನಿಂತು ಸವೆದ ಟರ್ನರ್ ಅಣ್ಣ ಒಬ್ಬರು. ಪೀಣ್ಯದ ಎನ್‌ಟಿಟಿಎಫ್‌ನಲ್ಲಿ ಕಲಿತು, ಟೂಲ್‌ರೂಮಿನಲ್ಲಿ ಕೂದಲು ನೆರೆಸಿಕೊಂಡ ಒಬ್ಬರು. ಅವರನ್ನು ನಾವು ಮೇಷ್ಟ್ರು ಅನ್ನುತ್ತೇವೆ. ಇನ್ನೊಬ್ಬರು ಹೀಟ್ ಟ್ರೀಟ್‌ಮೆಂಟಿನವರು, ಬೇಸಿಗೆಯಲ್ಲೂ ಬಿಸಿಬಿಸಿ ಟೀ ಕುಡಿಯುವ ಏಕೈಕ ಮನುಷ್ಯ. ಕುಲುಮೆಯ ಮುಂದೆ ದಿನ ಕಳೆದವರಿಗೆ ಟೀ ಯಾವ ಲೆಕ್ಕ.

ನಾನು ವಿಷಯ ಎತ್ತಿದ್ದೇ ತಡ, ಟರ್ನರ್ ಅಣ್ಣ ಶುರುಮಾಡಿದರು. "ದುಡ್ಡು ಕೊಟ್ಟು ಚಾಕು ತಗೋತೀಯಾ? ಹ್ಯಾಕ್ಸಾ ಬ್ಲೇಡ್ ಸತ್ತುಹೋಯ್ತಾ?"

ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪೀಣ್ಯದ ಅಸಲಿ ಚಾಕು ಅಂದರೆ ಹ್ಯಾಕ್ಸಾ ಚಾಕುವೇ. ಪವರ್ ಹ್ಯಾಕ್ಸಾದ ಬ್ಲೇಡು ರಾಡು ಕೊಯ್ದು ಕೊಯ್ದು ಒಂದು ದಿನ ಮುರಿಯುತ್ತದೆ. ಆ ತುಂಡನ್ನು ಯಾರೋ ಪುಣ್ಯಾತ್ಮ ಗುಜರಿಗೆ ಹೋಗಲು ಬಿಡದೆ, ಊಟದ ಬಿಡುವಿನಲ್ಲಿ ಬೆಂಚ್ ಗ್ರೈಂಡರಿಗೆ ಹಿಡಿದು ಹಲ್ಲು ಅಳಿಸಿ, ಒಂದು ಬದಿಗೆ ಬಾಯಿ ತೆಗೆದು, ಹಿಡಿಯುವ ಕಡೆ ಇನ್ಸುಲೇಶನ್ ಟೇಪು ಸುತ್ತಿ ಮುಗಿಸುತ್ತಾನೆ. ಪಿವಿಸಿ ಪೈಪಿನ ತುಂಡನ್ನು ಕಾಯಿಸಿ ಚಪ್ಪಟೆ ಮಾಡಿದರೆ ಒರೆಯೂ ಆಯಿತು. ಇದರ ಗುಟ್ಟು ಉಕ್ಕಿನಲ್ಲಿದೆ. ಆ ಬ್ಲೇಡು ಎಚ್ಎಸ್ಎಸ್, ಅಂದರೆ ಹೈಸ್ಪೀಡ್ ಸ್ಟೀಲು. ಸಾಮಾನ್ಯ ಚಾಕುವನ್ನು ಗ್ರೈಂಡರಿಗೆ ಒತ್ತಿದರೆ ಅಂಚು ನೀಲಿ ತಿರುಗುತ್ತದೆ. ನೀಲಿ ಬಂತೆಂದರೆ ಕಾವಿಗೆ ಗಡಸು ಇಳಿಯಿತು ಅಂತಲೇ ಅರ್ಥ, ಆಮೇಲೆ ಅದು ಬೆಣ್ಣೆ ಸವರುವುದಕ್ಕೆ ಸರಿ. ಹೈಸ್ಪೀಡ್ ಸ್ಟೀಲಿಗೆ ಆ ಭಯವಿಲ್ಲ. ಐನೂರು ಡಿಗ್ರಿಯ ಆಸುಪಾಸಿನಲ್ಲೂ ಗಡಸು ಬಿಡದಿರಲಿ ಅಂತಲೇ ಅದನ್ನು ಹುಟ್ಟಿಸಿರುವುದು. ಕೈಗರಗಸದ ಬ್ಲೇಡು ಇದಕ್ಕಾಗದು ಎಂಬ ಎಚ್ಚರಿಕೆಯನ್ನೂ ಟರ್ನರ್ ಅಣ್ಣ ಕೊಟ್ಟರು. ಬಾಗಿದರೂ ಮುರಿಯದ ಆ ಬ್ಲೇಡಿನಲ್ಲಿ ಗಡಸು ಇರುವುದು ಹಲ್ಲಿನಲ್ಲಿ ಮಾತ್ರ. ಹಲ್ಲು ಅಳಿಸಿದರೆ ಉಳಿಯುವುದು ಬರೀ ತಗಡು.

ಇಷ್ಟೆಲ್ಲ ಗುಣವಿದ್ದೂ ಹ್ಯಾಕ್ಸಾ ಚಾಕು ನನಗೆ ಒಗ್ಗುವುದಿಲ್ಲ. ಒಂದು, ಅದು ಮಡಚುವುದಿಲ್ಲ. ಸ್ಕೂಟರಿನ ಮೇಲೆ ಹಂಪು ಹಾರಿದಾಗ ಅದು ಜೇಬಿನೊಳಗೆ ಎತ್ತ ತಿರುಗೀತು ಅಂತ ನೆನೆದರೆ ಸಂಸಾರ ಕಣ್ಣಮುಂದೆ ಬರುತ್ತದೆ. ಅಷ್ಟು ಗಡಸಿನ ಉಕ್ಕು ಗಾಜಿನ ಸ್ವಭಾವದ್ದು, ಕೆಳಗೆ ಬಿದ್ದರೆ ಎರಡು ತುಂಡು. ಎಲ್ಲಕ್ಕಿಂತ ಮುಖ್ಯ, ಟೇಪು ಸುತ್ತಿದ ಮನೆಚಾಕು ನೋಡಲು ಥೇಟ್ ಪೇಪರಿನ ಮೂರನೇ ಪುಟದ ಫೋಟೊ. ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಹಿಂದೆ ಪೊಲೀಸರು ನಿಂತು ತೆಗೆಸಿಕೊಳ್ಳುತ್ತಾರಲ್ಲ, ಅದೇ. ರಾತ್ರಿ ಹತ್ತೂವರೆಗೆ ಸೆಕೆಂಡ್ ಶಿಫ್ಟು ಮುಗಿಸಿ ಬರುವಾಗ ಅದು ನನ್ನ ಜೇಬಲ್ಲಿ ಸಿಕ್ಕರೆ, ಸೀಬೆಹಣ್ಣಿಗೆ ಸಾರ್ ಅಂದರೆ ಯಾರು ನಂಬುತ್ತಾರೆ?

ಕಾನೂನು ನಮ್ಮ ಪರವಾಗಿದೆ ಅನ್ನುವವರೂ ಇದ್ದಾರೆ. ನಮ್ಮ ಕಟ್ಟಡದ ಮೂರನೇ ಮಹಡಿಯ ಹುಡುಗ ಮೊಬೈಲ್ ತೆಗೆದು ಓದಿಯೇ ತೋರಿಸಿದ. 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರ ಕೆಳಗಿನ 2016ರ ನಿಯಮಗಳು. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿದ್ದರೆ ಅದು ಶಸ್ತ್ರದ ಪಟ್ಟಿಗೆ. ಮನೆಗೆಲಸ, ಬೇಸಾಯ, ಕಾರ್ಖಾನೆಗೆಂದೇ ಮಾಡಿದ್ದಾದರೆ ಅದಕ್ಕೂ ವಿನಾಯಿತಿ. ದಿಲ್ಲಿಯಲ್ಲಿ ಮಾತ್ರ 1980ರ ಒಂದು ಆದೇಶ ಬೇರೆ ಇದೆ. ಬಟನ್ ಒತ್ತಿದರೆ ಚಿಮ್ಮುವ ಚಾಕುವಿಗೆ 7.62 ಸೆಂಟಿಮೀಟರಿನ ಗೆರೆ ಎಳೆದಿದೆ. ಕೊಡವರ ವಿಷಯ ಕೇಳಲೇಬೇಡಿ. ಅವರಿಗೆ ಸೊಂಟದ ಪೀಚೆಕತ್ತಿಯಷ್ಟೇ ಅಲ್ಲ, ಕೋವಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಬೆಳ್ಳಿ ಕಟ್ಟಿದ ಪೀಚೆಕತ್ತಿ, ಕುಪ್ಯ, ಮಂಡೆತುಣಿಗೆ ಒಂದು ಗತ್ತಿದೆ. ನನ್ನ ಕಾಟನ್ ಪ್ಯಾಂಟಿನ ಜೇಬಿಗೆ ಆ ಗತ್ತು ಎಲ್ಲಿಂದ ತರಲಿ?

"ಒಂಬತ್ತು ಇಂಚಿನ ಒಳಗಿದ್ರೆ ಯಾರೂ ಕೇಳಂಗಿಲ್ಲ ಅಂಕಲ್" ಅಂದ ಹುಡುಗನಿಗೆ ನಾನು ಹೇಳಿದ್ದಿಷ್ಟೆ: ಅಪ್ಪಾ, ರಾತ್ರಿ ಬೀಟಿನವರ ಕೈಯಲ್ಲಿ ಲಾಠಿ ಇರುತ್ತೆ, ಸ್ಕೇಲು ಇರಲ್ಲ. ಚುನಾವಣೆ, ಹಬ್ಬ, ಬಂದೋಬಸ್ತು ಅಂತ ಮಾರಕಾಸ್ತ್ರ ನಿಷೇಧದ ಆದೇಶ ಹೊರಬಿದ್ದ ದಿನ ನಿನ್ನ ಮೊಬೈಲು ತೆಗೆದು ಕಲಂ ಓದಿ ತೋರಿಸು, ಆಮೇಲೆ ಮಾತಾಡೋಣ. ಆದ್ದರಿಂದ ಚಾಕು ಆರಿಸುವಾಗ ನನ್ನ ಮೊದಲನೇ ಷರತ್ತು ಉಕ್ಕಿನದೂ ಅಲ್ಲ, ಬೆಲೆಯದೂ ಅಲ್ಲ. ಅದನ್ನು ನೋಡಿದರೆ ನಗು ಬರಬೇಕು, ಹೆದರಿಕೆ ಬರಬಾರದು.

ಆನ್‌ಲೈನ್ ಅಂಗಡಿಯವರಿಗೆ ಈ ಷರತ್ತು ಯಾರೂ ತಿಳಿಸಿದಂತಿಲ್ಲ. ಅಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಚಾಕುಗಳನ್ನು ನೋಡಬೇಕು ನೀವು. ಮೈಯೆಲ್ಲ ಕಪ್ಪು ಇಲ್ಲವೇ ಮಿಲಿಟರಿ ಹಸಿರು. ಹಿಡಿಯ ಮೇಲೆ ತಲೆಬುರುಡೆ. ಹಿಂಭಾಗದಲ್ಲಿ ಕಾರಿನ ಗಾಜು ಒಡೆಯುವ ಮೊನೆ, ಪಕ್ಕದಲ್ಲಿ ಸೀಟ್‌ಬೆಲ್ಟ್ ಕೊಯ್ಯುವ ಕೊಕ್ಕೆ. ನನ್ನ ಹತ್ತಿರ ಕಾರಿಲ್ಲ ಸ್ವಾಮಿ, ಇರುವುದು ಸ್ಕೂಟರು. ಯಾರ ಗಾಜು ಒಡೆಯಲಿ? ಬೆರಳು ತಾಗಿಸಿದರೆ "ಟಕ್" ಅಂತ ತೆರೆದುಕೊಳ್ಳುವ ಅವುಗಳ ಸದ್ದಿಗೇ ಅರ್ಧ ಬೆಲೆ. ನಮ್ಮ ದೇಶದಲ್ಲಿ ಈ ಟಕ್ಕಿಗೆ ಹೆಸರಾದವನು ಉತ್ತರಪ್ರದೇಶದ ರಾಮ್‌ಪುರದವನು. 1965ರ 'ವಕ್ತ್' ಚಿತ್ರದಲ್ಲಿ ರಾಜ್‌ಕುಮಾರ್ (ನಮ್ಮ ಅಣ್ಣಾವ್ರಲ್ಲ, ಹಿಂದಿಯವರು) ಒಂದು ಚಾಕು ಕೈಗೆತ್ತಿಕೊಂಡು ಡೈಲಾಗ್ ಹೊಡೆದಾಗ ದೇಶಕ್ಕೆ ದೇಶವೇ ಶಿಳ್ಳೆ ಹಾಕಿತ್ತು. 2023ರಲ್ಲಿ ರಾಮ್‌ಪುರದವರು ಊರಿನ ಸರ್ಕಲ್ಲಿನಲ್ಲಿ ಇಪ್ಪತ್ತಡಿ ಉದ್ದದ ಚಾಕುವನ್ನೇ ನಿಲ್ಲಿಸಿದ್ದಾರೆ. ನಾವು ಸರ್ಕಲ್ಲಿನಲ್ಲಿ ಕೆಂಪೇಗೌಡರನ್ನು ನಿಲ್ಲಿಸುವವರು. ಅವರವರ ಊರು, ಅವರವರ ಅಭಿಮಾನ.

ಬೇಕರಿ ಸಮಿತಿಯ ನಿಜವಾದ ಕದನ ನಡೆದದ್ದು ಉಕ್ಕಿನ ಮೇಲೆ. ಮೂರನೇ ಮಹಡಿಯ ಹುಡುಗ ತನ್ನದೊಂದು ಚಾಕು ತಂದು, ಅಲಗಿನ ಮೇಲೆ ಕೆತ್ತಿದ್ದ 'ಡಿ2' ಅನ್ನೋ ಅಕ್ಷರವನ್ನು ಎಲ್ಲರಿಗೂ ಪ್ರಸಾದದ ಹಾಗೆ ತೋರಿಸಿದ. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಡಿ2ನಲ್ಲಿ ನಾವು ಡೈ ಮಾಡ್ತೀವಿ ಕಣೋ. ಪಂಚ್ ಮಾಡ್ತೀವಿ. ತಗಡು ಲಕ್ಷಗಟ್ಟಲೆ ಸಲ ಕತ್ತರಿಸೋಕೆ ಇರೋ ಸ್ಟೀಲು ಅದು. ನೀನು ಅದರಲ್ಲಿ ಸೌತೆಕಾಯಿ ಹೆಚ್ಚುತೀಯಾ?" ಪೀಣ್ಯದವರಿಗೆ ಡಿ2 ಹಳೇ ಸಂಬಂಧಿ, ಎಚ್‌ಸಿಎಚ್‌ಸಿಆರ್ ಅಂತ ಮನೆಹೆಸರು. ಒಂದೂವರೆ ಪರ್ಸೆಂಟು ಕಾರ್ಬನ್ನು, ಹನ್ನೆರಡರ ಹತ್ತಿರ ಕ್ರೋಮಿಯಂ. ಸಾವಿರ ಡಿಗ್ರಿ ದಾಟಿಸಿ ಗಡಸು ಮಾಡಿ, ಹದವಾಗಿ ಟೆಂಪರ್ ಮಾಡಿದರೆ ರಾಕ್‌ವೆಲ್ ಅಳತೆಯಲ್ಲಿ ಅರವತ್ತರ ಆಸುಪಾಸು ನಿಲ್ಲುತ್ತದೆ. ಬಾಯಿ ಬೇಗ ಮೊಂಡಾಗುವುದಿಲ್ಲ, ನಿಜ. ಮೊಂಡಾಯಿತೋ, ಆಮೇಲೆ ಕಾರ್ಬೊರಂಡಂ ಕಲ್ಲಿನ ಮೇಲೆ ನೀವು ಉಜ್ಜುತ್ತಲೇ ಇರಬೇಕು, ಪಕ್ಕದ ಮನೆಯ ಧಾರಾವಾಹಿಯ ಎರಡು ಕಂತು ಮುಗಿಯುವವರೆಗೆ.

ಹೀಟ್ ಟ್ರೀಟ್‌ಮೆಂಟಿನವರು ಅಷ್ಟು ಹೊತ್ತು ಸುಮ್ಮನಿದ್ದವರು ಗ್ಲಾಸು ಕೆಳಗಿಟ್ಟರು. "ಸ್ಟೀಲಿನ ಹೆಸರು ಬರೀ ಜಾತಕ. ಬೆಂಕಿಯಲ್ಲಿ ಕೊಡೋದೇ ಸಂಸ್ಕಾರ. ನಾಳೆ ತಗೊಂಡ್ ಬಾ, ನೋಡೇಬಿಡೋಣ."

ಮಾರನೇ ದಿನ ಹುಡುಗನ ಚಾಕು ರಾಕ್‌ವೆಲ್ ಮಿಷಿನ್ನಿನ ಮೇಲೆ ಕೂತಿತು. ವಜ್ರದ ಮೊನೆ, ನೂರೈವತ್ತು ಕೆಜಿ ಒತ್ತಡ. ಡಯಲಿನ ಮುಳ್ಳು ಐವತ್ತನ್ನೂ ಮುಟ್ಟಲಿಲ್ಲ. ಇನ್ನೊಂದು ಜಾಗದಲ್ಲಿ ಒತ್ತಿದರು, ಅಲ್ಲೂ ಅದೇ. ಹುಡುಗನ ಮುಖ ನೋಡಲಾಗುತ್ತಿರಲಿಲ್ಲ. ಸಾವಿರದ ಚಿಲ್ಲರೆ ಕೊಟ್ಟ ಚಾಕುವಿನ ಅಲಗಿನ ಮೇಲೆ ಈಗ ಸೂಜಿಮೊನೆಯಂಥ ಚುಕ್ಕಿಗಳು ಬೇರೆ. "ಹೋಗ್ಲಿ ಬಿಡು, ಡಿ2 ಅಂತ ಬರೆದಿರೋ ಅಕ್ಷರ ಮಾತ್ರ ಗಟ್ಟಿಯಾಗಿದೆ" ಅಂತ ಮೇಷ್ಟ್ರು ಸಮಾಧಾನ ಹೇಳಿದರು. ಅವರ ಸಮಾಧಾನ ಯಾವಾಗಲೂ ಹೀಗೆಯೇ.

ಅಪ್ಪಟ ಡಿ2 ಆದರೂ ನನ್ನ ಮತ ಅದಕ್ಕಿಲ್ಲ. ಕ್ರೋಮಿಯಂ ಅಷ್ಟಿದ್ದರೂ ಕಾರ್ಬನ್ ಅದರಲ್ಲಿ ಒಂದಷ್ಟನ್ನು ತನ್ನ ಜೊತೆ ಕಟ್ಟಿಹಾಕಿಕೊಳ್ಳುವುದರಿಂದ ಡಿ2 ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಮಾವಿನಕಾಯಿ ಕೊಯ್ದು ಒರೆಸದೆ ಮಡಚಿಟ್ಟರೆ ಬೆಳಗ್ಗೆ ಕಲೆ. ಆಯುಧಪೂಜೆಯಂದು ಅದರ ಪಾಡು ಕೇಳಬೇಡಿ. ಪೀಣ್ಯದಲ್ಲಿ ಯುಗಾದಿಗಿಂತ ದೊಡ್ಡ ಹಬ್ಬ ಅದು. ಲೇತಿಗೆ ಬಾಳೆಕಂದು, ಕಂಪ್ರೆಸರಿಗೆ ಚೆಂಡುಹೂವು, ರಸ್ತೆಯಲ್ಲೆಲ್ಲ ಬೂದುಗುಂಬಳದ ಚೂರು. ಜೇಬಿನ ಚಾಕುವೂ ಆಯುಧವೇ ಅಂತ ಅದಕ್ಕೂ ಅರಿಸಿನ ಕುಂಕುಮ ಬಳಿದು, ಅದರಿಂದಲೇ ಗಾಡಿಯ ಚಕ್ರಕ್ಕೆ ನಿಂಬೆಹಣ್ಣು ಕೊಯ್ದು, ನಿಂಬೆರಸ ಸಮೇತ ಮಡಚಿ ದೇವರ ಮುಂದೆ ಇಟ್ಟರೆ, ವಿಜಯದಶಮಿಯ ಬೆಳಗ್ಗೆ ತೆರೆಯಲು ಇಕ್ಕಳ ಬೇಕಾಗುತ್ತದೆ. ಅದರ ಬದಲು 420 ಅಥವಾ 3ಸಿಆರ್13 ಅನ್ನುವ ಅಗ್ಗದ ಸ್ಟೇನ್‌ಲೆಸ್ ಸ್ಟೀಲಿದೆಯಲ್ಲ, ಚಾಕು ಪಂಡಿತರೆಲ್ಲ ಮೂಗು ಮುರಿಯುವುದು, ಅದು ನಮಗೆ ತಕ್ಕದ್ದು. ಮೆತ್ತಗಿರುವುದರಿಂದ ಬೇಗ ಮೊಂಡಾಗುತ್ತದೆ, ಬೇಗ ಮೊನಚೂ ಆಗುತ್ತದೆ. ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಒರಟು ಅಂಚಿನ ಮೇಲೆ ನಾಲ್ಕು ಸಲ ಎಳೆದರೆ ಟೊಮೆಟೊ ಕೊಯ್ಯುತ್ತದೆ. ಸಾಣೆಯವನ ಸೈಕಲ್ಲಿಗೆ ಕಾಯುವ ಕೆಲಸವೂ ಇಲ್ಲ.

ಉಕ್ಕಿಗಿಂತ ಮುಖ್ಯವಾದದ್ದು ದಪ್ಪ, ಅದನ್ನು ಯಾರೂ ಕೇಳುವುದೇ ಇಲ್ಲ. ನಂಬಿಕೆ ಇಲ್ಲದಿದ್ದರೆ ಹೆಗ್ಗನಹಳ್ಳಿ ಕ್ರಾಸಿನಲ್ಲಿ ಸೀಬೆಹಣ್ಣಿನ ತಳ್ಳುಗಾಡಿಯವನ ಚಾಕು ನೋಡಿ. ಕಂಪನಿ ಹೆಸರಿಲ್ಲ, ಹಿಡಿ ಒಡೆದಿದೆ, ಉಜ್ಜಿ ಉಜ್ಜಿ ಅಲಗು ಅರ್ಧಕ್ಕೆ ಸವೆದಿದೆ. ಆದರೆ ಹಣ್ಣನ್ನು ನಾಲ್ಕು ಸೀಳು ಮಾಡಿ ಉಪ್ಪುಖಾರ ತುಂಬುವಾಗ ಒಂದು ಹನಿ ರಸ ಹೊರಗೆ ಬರುವುದಿಲ್ಲ. ತೆಳ್ಳಗಿನ ಅಲಗಿನ ಮಹಿಮೆ. ನಮ್ಮ ಟ್ಯಾಕ್ಟಿಕಲ್ ಚಾಕುಗಳ ಬೆನ್ನು ಮೂರೂವರೆ ಮಿಲಿಮೀಟರು, ನಾಲ್ಕು ಮಿಲಿಮೀಟರು. ಅದು ಹಣ್ಣನ್ನು ಕೊಯ್ಯುವುದಿಲ್ಲ, ಬಿರಿಸುತ್ತದೆ. ಎರಡು ಮಿಲಿಮೀಟರು ದಾಟಿದ ಚಾಕುವನ್ನು ನಾನು ಅಂಗಡಿಯಲ್ಲೇ ಬಿಟ್ಟು ಬರುತ್ತೇನೆ. ವರ್ನಿಯರ್ ಎಲ್ಲಿಂದ ತರಲಿ ಅನ್ನಬೇಡಿ; ಪೀಣ್ಯದಲ್ಲಿ ಅದು ಪೆನ್ನಿಗಿಂತ ಸುಲಭವಾಗಿ ಸಿಗುತ್ತದೆ.

ಇನ್ನು ಬೀಗ. ಮಡಚುವ ಚಾಕುವಿಗೆ ಲಾಕು ಬೇಕೋ ಬೇಡವೋ ಅನ್ನುವುದು ಅತ್ತೆ ಮನೆಯಲ್ಲಿ ಇರಬೇಕೋ ಬೇಡವೋ ಅನ್ನುವಷ್ಟೇ ಹಳೆಯ ವಾದ. ಲಾಕಿಲ್ಲದ್ದರಲ್ಲಿ ಬೆನ್ನಿಗೊಂದು ಸ್ಪ್ರಿಂಗ್ ಪಟ್ಟಿ ಅಲಗನ್ನು ಹಿಡಿದಿರುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಚಾಕುವಿನ ವರ್ಕ್ ಶಾಪು ಶುರುಮಾಡಿ 1891ರಲ್ಲಿ ಅಲ್ಲಿನ ಸೈನಿಕರಿಗೆ ಒದಗಿಸಿದ ಚಾಕು ಈ ಸಂತತಿಯದು. ಇವತ್ತು ವಿಕ್ಟೊರಿನಾಕ್ಸ್ ಅನ್ನುವ ಕೆಂಪು ಚಾಕು ಅದೇ. ಫ್ರಾನ್ಸಿನ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಚಾಕು ಮಾಡಿದ. 1955ರಲ್ಲಿ ಅದರ ಕುತ್ತಿಗೆಗೊಂದು ತಿರುಗುವ ಉಂಗುರ ಬಂತು, ಅದೇ ಬೀಗ. ಚೆಂದದ ಚಾಕು, ತೆಳ್ಳಗಿನ ಅಲಗು, ಹಳ್ಳಿಯವನ ಮುಖ. ಆದರೆ ಮಳೆಗಾಲದಲ್ಲಿ ಮರ ಉಬ್ಬಿ ಅಲಗು ಬಿಗಿದುಕೊಂಡರೆ ಜುಲೈಯಲ್ಲಿ ಮಡಚಿದ್ದು ಸೆಪ್ಟೆಂಬರಿನಲ್ಲಿ ತೆರೆದೀತು. ಈ ಎರಡರ ಸಣ್ಣ ಮಾದರಿಗಳೂ ನಮ್ಮಲ್ಲಿ ಎರಡು ಸಾವಿರದ ಆಚೀಚೆ. ಅಗ್ಗ ಅನ್ನಲಾಗದು, ಆದರೂ ಎಂಟು ನೂರರ ತಲೆಬುರುಡೆ ಚಾಕು ಎರಡು ಸಲ ಕೊಂಡವನು ಸುಮ್ಮನೆ ಇರುವುದು ಒಳ್ಳೆಯದು.

ಚೀನಾದ ಅಗ್ಗದ ಚಾಕುಗಳಲ್ಲಿ ಹೆಚ್ಚಾಗಿ ಕಾಣುವುದು ಲೈನರ್ ಲಾಕು. ಹಿಡಿಯೊಳಗಿನ ತಗಡಿನ ನಾಲಗೆಯೊಂದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಬಳಸುವಾಗ ಭದ್ರ, ಒಪ್ಪಿದೆ. ಮುಚ್ಚುವಾಗ ಹೆಬ್ಬೆರಳಿನಿಂದ ಆ ನಾಲಗೆ ಸರಿಸಬೇಕು, ಹೆಬ್ಬೆರಳು ಇರುವುದು ಸರಿಯಾಗಿ ಅಲಗು ಬೀಳುವ ದಾರಿಯಲ್ಲಿ. ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟವರು ನಮ್ಮ ರಸ್ತೆಯಲ್ಲೇ ಇದ್ದಾರೆ. ಎರಡು ಕೈಯಲ್ಲೂ ಬಟನ್ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯುವ ಏರ್ಪಾಡು ಯಾಕೆ ಬಂತು ಅಂತ ಅವರನ್ನು ಕೇಳಿದರೆ ಹೇಳುತ್ತಾರೆ. ಅಂಥ ಊರಿನಲ್ಲಿ ಕೂತು, ಕೊರಿಯರ್ ಡಬ್ಬ ಬಿಚ್ಚಲು ಹೆಬ್ಬೆರಳು ಪಣಕ್ಕಿಡುವುದು ನನಗಂತೂ ಸರಿಕಾಣದು. ಉಗುರಿನಿಂದ ನಿಧಾನಕ್ಕೆ ಎಳೆದು ತೆರೆಯುವ, ಎರಡೂ ಕೈ ಬೇಡುವ ಸ್ಪ್ರಿಂಗ್ ಚಾಕುವೇ ಸಾಕು. ಅದರಲ್ಲಿ ಚುಚ್ಚಬಾರದು, ಬೆನ್ನಿನ ಮೇಲೆ ಒತ್ತಬಾರದು, ಅಷ್ಟೆ; ಒತ್ತಿದರೆ ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಅಂಗಡಿಯಲ್ಲಿ ಅಲಗನ್ನು ತೆರೆದು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಆಟ ಇರಬಾರದು. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಇಳಿಯಬೇಕು, ಒಂದು ಗೋಡೆಗೆ ಒರಗಬಾರದು. ಒಮ್ಮೆ ಎಸ್.ಪಿ. ರಸ್ತೆಗೆ ಮೇಷ್ಟ್ರನ್ನು ಕರೆದುಕೊಂಡು ಹೋಗಿದ್ದೆ. ಅವರು ಜೇಬಿನಿಂದ ಫೀಲರ್ ಗೇಜು ತೆಗೆದು ಸಂದಿನಲ್ಲಿ ತೂರಿಸತೊಡಗಿದರು. ಅಂಗಡಿಯವನು ಕೈಮುಗಿದು, "ಸಾರ್, ಇನ್ನೂರೈವತ್ತು ರೂಪಾಯಿ ಐಟಮ್ಮು" ಅಂದ.

ಮೆಟ್ರೋ ವಿಷಯ ಹೇಳದಿದ್ದರೆ ಹೇಗೆ. 2014ರ ಮಾರ್ಚಿನಿಂದ ನಮ್ಮ ಕಡೆಗೂ ಹಸಿರು ಗೆರೆಯ ರೈಲು ಬಂದಿದೆ. ಪೀಣ್ಯ, ಪೀಣ್ಯ ಇಂಡಸ್ಟ್ರಿ, ಜಾಲಹಳ್ಳಿ ಅಂತ ಮೇಲೆ ಮೇಲೆಯೇ ಹಾದುಹೋಗುತ್ತದೆ. ಅದರ ಬಾಗಿಲಲ್ಲಿ ಬ್ಯಾಗು ಸ್ಕ್ಯಾನರಿಗೆ, ಮೈ ಡಿಟೆಕ್ಟರಿಗೆ. ಚಾಕು ಎಷ್ಟೇ ಸಾಧುವಾಗಿದ್ದರೂ ಒಳಗೆ ಪ್ರವೇಶವಿಲ್ಲ. ಹೀಗಾಗಿ ಮೆಟ್ರೋದಲ್ಲಿ ದಿನಾ ಓಡಾಡುವವನು ದಿನಾ ಜೇಬಲ್ಲಿಡುವ ಚಾಕು ಕೊಂಡರೆ ಅದನ್ನು ದಿನಾ ಮನೆಯಲ್ಲಿಡಬೇಕು. ರಶ್ಶು ಬಸ್ಸಿನಲ್ಲಿ ಹೋದರೆ ಯಾರೂ ತಪಾಸಣೆ ಮಾಡುವುದಿಲ್ಲ. ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಚಾಕು ಜೇಬಿನಲ್ಲೇ ಇರುತ್ತದೆ, ಪರ್ಸು ಇರುತ್ತದೆಂಬ ಗ್ಯಾರಂಟಿ ಇಲ್ಲ. ಜೇಬು ಕತ್ತರಿಸುವ ಕಲಾವಿದನ ಬಳಿ ಇರುವುದು ಅರ್ಧ ಶೇವಿಂಗ್ ಬ್ಲೇಡು. ಅವನು ಸ್ಟೀಲಿನ ನಂಬರು ಕೇಳಿ ಕೊಂಡದ್ದಲ್ಲ.

ನನ್ನ ಈ ಸಂಶೋಧನೆಯನ್ನೆಲ್ಲ ಮನೆಯಲ್ಲಿ ಮಂಡಿಸಿದಾಗ ಹೆಂಡತಿ ಹುರುಳಿಕಾಯಿ ಸೋಸುತ್ತಿದ್ದಳು. ಅವಳು ಗಾರ್ಮೆಂಟ್ಸಿನಲ್ಲಿ ಟೈಲರ್. ಇಡೀ ರಾಜಗೋಪಾಲನಗರದಲ್ಲಿ ಅಲಗಿನ ಬಗ್ಗೆ ಮಾತಾಡುವ ಅಧಿಕಾರ ಯಾರಿಗಾದರೂ ಇದ್ದರೆ ಈ ಹೆಂಗಸರಿಗೆ. ಅವರ ಕೈಯಲ್ಲಿ ಟ್ರಿಮ್ಮರ್ ಅನ್ನುವ ಪುಟ್ಟ ಕತ್ತರಿ ಇರುತ್ತದೆ, ದಾರ ಕತ್ತರಿಸಲು. ಬೆರಳ ಸಂದಿನಲ್ಲಿ ಇಟ್ಟುಕೊಂಡೇ ಬಟ್ಟೆ ತಿರುಗಿಸುತ್ತಾರೆ, ಹೊಲಿಯುತ್ತಾರೆ, ಕತ್ತರಿಸುತ್ತಾರೆ. ಆ ಟ್ರಿಮ್ಮರಿಗೊಂದು ದಾರ ಕಟ್ಟಿ ಮಿಷಿನ್ನಿಗೆ ಬಿಗಿದಿರುತ್ತಾರೆ. ಲೆಕ್ಕ ಕೊಟ್ಟು ತೆಗೆದುಕೊಳ್ಳಬೇಕು, ಲೆಕ್ಕ ಕೊಟ್ಟು ಒಪ್ಪಿಸಬೇಕು. ಹೊಲಿಯುವಾಗ ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಹುಡುಕಿ ಜೋಡಿಸಿ ತೋರಿಸಿದರೆ ಮಾತ್ರ ಹೊಸ ಸೂಜಿ. ಒಂದು ಚೂರು ಸಿಗದಿದ್ದರೆ ಅಲ್ಲಿರುವ ಬಟ್ಟೆಯೆಲ್ಲ ತಪಾಸಣೆಗೆ ಹೋಗುತ್ತದೆ, ಯಾವುದೋ ದೇಶದ ಮಗುವಿನ ಅಂಗಿಯಲ್ಲಿ ಚೂರು ಉಳಿಯಬಾರದು ಅಂತ. ದಿನವಿಡೀ ಸೂಜಿಮೊನೆಗೆ ಲೆಕ್ಕ ಕೊಡುವವಳ ಮುಂದೆ ನಾನು ಲೈನರ್ ಲಾಕಿನ ಸಾಧಕಬಾಧಕ ವಿವರಿಸುತ್ತಿದ್ದೆ.

ಪೂರ್ತಿ ಕೇಳಿದಳು. ಆಮೇಲೆ, "ರೀ, ಉಗುರು ಕತ್ತರಿಯಲ್ಲೇ ಒಂದು ಚಾಕು ಇದೆಯಲ್ಲ" ಅಂದಳು.

ಇದೆ, ನಿಜ. ಕೊರಿಯಾದ ಬೆಲ್ ಕಂಪನಿಯ ನೈಲ್ ಕಟರು, ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಕನ್ನಡಿಯ ಹಿಂದೆ ಕೂತಿರುವುದು. ಅದರ ಒಡಲಿನಿಂದ ಒಂದು ಬಾಟಲಿ ಓಪನರು, ಒಂದು ಉಗುರುಜ್ಜುವ ಅರ, ಒಂದೂವರೆ ಇಂಚಿನ ಅಲಗು ಬಿಡಿಸಿ ತೆಗೆಯಬಹುದು. ಟೇಪು ಕೊಯ್ಯುತ್ತದೆ. ಯಾರಿಗೂ ಹೆದರಿಕೆಯಾಗುವುದಿಲ್ಲ. ಅದನ್ನು ತೆಗೆದಾಗ ಬೇಕರಿ ಸಮಿತಿ ಮಾತ್ರ ಸಭೆ ಬರಖಾಸ್ತು ಮಾಡುವಷ್ಟು ನಕ್ಕಿತು. ಉಗುರು ಕತ್ತರಿಸಿದ್ದರಲ್ಲೇ ಸೀಬೆಹಣ್ಣು ಕೊಯ್ದು ಮುಂದೆ ಹಿಡಿದರೆ ತಿನ್ನುವವರೂ ಇರಲಿಲ್ಲ ಅನ್ನಿ. ಜಪಾನಿನಲ್ಲಿ 1956ರಲ್ಲಿ ಹುಟ್ಟಿದ ಮುರಿಯುವ ಬ್ಲೇಡಿನ ಕಟರೂ ಇಪ್ಪತ್ತು ಮೂವತ್ತು ರೂಪಾಯಿಗೆ ಎಲ್ಲ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ. ರಟ್ಟಿಗೆ ಅದರ ಸಮ ಇಲ್ಲ. ಆದರೆ ಬಾಯಿಗೆ ಹಾಕುವ ಪದಾರ್ಥದ ಹತ್ತಿರ ಆ ಬ್ಲೇಡಿನ ಎಣ್ಣೆ, ಆ ಮುರಿಯುವ ಗೆರೆ ಬೇಡ.

ಕೊನೆಗೆ ನಾನು ಕೊಂಡದ್ದು ಎರಡೂವರೆ ಇಂಚಿನ, ತೆಳ್ಳಗಿನ, ಲಾಕಿಲ್ಲದ ಒಂದು ಸ್ಟೇನ್‌ಲೆಸ್ ಚಾಕು. ಹಿಡಿ ಕಣ್ಣು ಕುಕ್ಕುವ ಹಳದಿ. ಹಳದಿ ಯಾಕೆಂದರೆ ಹಳದಿ ಚಾಕು ಹಿಡ್ಕೊಂಡು ಯಾರೂ ಯಾರನ್ನೂ ಹೆದರಿಸಿದ್ದು ನಾನು ಕೇಳಿಲ್ಲ. ಜೇಬಲ್ಲಿ ಚಾಕು ಇದೆ ಅನ್ನುವ ಸುದ್ದಿ ಎರಡೇ ದಿನದಲ್ಲಿ ನಾಲ್ಕು ಮಹಡಿ ಹತ್ತಿಳಿಯಿತು. ಕೆಳಗಿನ ಮನೆಯ ಅಜ್ಜಿಗೆ ಹೂವಿನ ದಾರ ಕತ್ತರಿಸಬೇಕು. ಅವರು ಚಾಕುವನ್ನು ಕೈಯಿಂದ ಕೈಗೆ ತೆಗೆದುಕೊಳ್ಳುವುದಿಲ್ಲ, ಜಗಳ ಬರುತ್ತದಂತೆ, ನೆಲದ ಮೇಲಿಟ್ಟರೆ ಎತ್ತಿಕೊಳ್ಳುತ್ತಾರೆ. ಎರಡನೇ ಮಹಡಿಯಲ್ಲಿ ಬಾಣಂತಿ. ದಿಂಬಿನ ಕೆಳಗೆ ಕಬ್ಬಿಣ ಇರಲಿ ಅಂತ ಒಂದು ವಾರ ಸಾಲಕ್ಕೆ ಹೋಯಿತು. ಕಬ್ಬಿಣವೇ ಬೇಕು, ಸ್ಟೇನ್‌ಲೆಸ್ ನಡೆಯುತ್ತಾ ಅಂತ ಶಾಸ್ತ್ರ ಕೇಳೋಣವೆಂದಿದ್ದೆ, ಹೆಂಡತಿಯ ಕಣ್ಣು ನೋಡಿ ಸುಮ್ಮನಾದೆ. ಅಲ್ಲಿಂದ ಪೇಂಟು ಡಬ್ಬದ ಮುಚ್ಚಳ ಎಬ್ಬಿಸಲು ಯಾರೋ ಒಯ್ದು ಮೊನೆಯನ್ನು ಚೂರು ಬಗ್ಗಿಸಿ ತಂದರು. ಡಿ2 ಆಗಿದ್ದರೆ ಮುರಿದೇ ಹೋಗುತ್ತಿತ್ತು. ಮೆತ್ತನೆ ಸ್ಟೀಲು, ಇಕ್ಕಳದಲ್ಲಿ ನೆಟ್ಟಗೆ ಮಾಡಿದೆ.

ಮೊನ್ನೆ ಸಂಜೆ ಮೇಷ್ಟ್ರು ಬೇಕರಿಗೆ ಒಂದು ಕೊರಿಯರ್ ಡಬ್ಬ ಬಗಲಲ್ಲಿಟ್ಟುಕೊಂಡು ಬಂದರು. "ನಿನ್ನ ಹಳದಿ ಕೊಡೋ ಇಲ್ಲಿ" ಅಂತ ಈಸಿಕೊಂಡು ಟೇಪು ಕೊಯ್ದರು. ಒಳಗಿಂದ ಕಾಗದ, ಅದರೊಳಗಿಂದ ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕು, ಅದರೊಳಗಿಂದ ಕಪ್ಪನೆಯ ಒಂದು ಚಾಕು ಹೊರಬಂತು. ಬೆರಳು ತಾಗಿಸಿದರು. ಟಕ್. ಅಲಗಿನ ಮೇಲೆ ಡಿ2 ಅಂತ ಕೆತ್ತಿತ್ತು. ಹೀಟ್ ಟ್ರೀಟ್‌ಮೆಂಟಿನವರು ಕೈ ಚಾಚಿ, "ಕೊಡಿ, ನಾಳೆ ಮಿಷಿನ್ ಮೇಲೆ ಇಡ್ತೀನಿ" ಅಂದರೆ ಮೇಷ್ಟ್ರು ಕೊಡಲೇ ಇಲ್ಲ. ಬೆಲೆ ಎಷ್ಟು ಅಂದದ್ದಕ್ಕೂ ಬಾಯಿ ಬಿಡಲಿಲ್ಲ. ಹೋಗುವಾಗ ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, ಮನೆಯಲ್ಲಿ ಗೊತ್ತಾಗಬಾರದು ಕಣಯ್ಯ ಅಂತ ಪ್ರಮಾಣ ಮಾಡಿಸಿಕೊಂಡಿದ್ದಾರೆ. ಅವರ ಮನೆಯವರಿಗೆ ನಾನಂತೂ ಒಂದಕ್ಷರ ಹೇಳಿಲ್ಲ. ಅವರು ಪತ್ರಿಕೆ ಓದುತ್ತಾರೋ ಇಲ್ಲವೋ ಅಂತ ಮೇಷ್ಟ್ರು ನನಗೆ ಹೇಳಿರಲಿಲ್ಲ.